ಮಾವಿಗೆ ಮರಿ ಇಲ್ಲ, ಮಿಡಿ ಇದೆ

ಪ್ರಶ್ನೆ: ನನ್ನ ಐದು ವರ್ಷದ ಮಗಳು ಕರುವನ್ನು 'ಹಸುಮರಿ' ಅಂತಾಳೆ. ಮೊನ್ನೆ ಪುಟ್ಟ ಮಾವಿನಕಾಯಿ ನೋಡಿ 'ಮಾವಿನ ಮರಿ' ಅಂದಳು. ಚಿಕ್ಕದು ಅನ್ನೋಕೆ ಎಲ್ಲಕ್ಕೂ ಹೊಂದುವ ಒಂದೇ ಪದ ಕನ್ನಡದಲ್ಲಿ ಇಲ್ವಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲ. ಇಲ್ಲದಿರುವುದೇ ನನಗೆ ಇಷ್ಟ.

ನಿಮ್ಮ ಮಗಳು ಜಾಣೆ. ನಾಯಿಮರಿ, ಆನೆಮರಿ, ಹಾವಿನ ಮರಿ ಅಂತೆಲ್ಲ ಕೇಳಿ ತಾನೇ ಒಂದು ನಿಯಮ ಕಟ್ಟಿಕೊಂಡಿದ್ದಾಳೆ. ಹಸು, ಎಮ್ಮೆಯ ಹತ್ತಿರ ಮಾತ್ರ ಅದು ನಡೆಯುವುದಿಲ್ಲ, ಅಲ್ಲಿ ಕರು. ಬಾಳೆಯ ಬುಡದಲ್ಲಿ ಏಳುವುದು ಕಂದು. ಮಗುವನ್ನು 'ಕಂದ' ಅಂತೀವಲ್ಲ, ಅದೂ ಇದೇ ಬಳಗದ್ದು.

ಇನ್ನು ಮಾವಿನದು ಮಿಡಿ. ನಾನು ಮಲೆನಾಡಿನ ಸಾಗರದ ಕಡೆಯವಳು, ಮಿಡಿಯ ವಿಷಯ ಬಂದರೆ ಸುಮ್ನಿರಲಾರೆ. ಮಿಡಿ ಅಂದರೆ ಬರೀ ಚಿಕ್ಕ ಮಾವಿನಕಾಯಿ ಅಲ್ಲ. ಒಳಗೆ ಗೊರಟು ಇನ್ನೂ ಬಲಿತಿರಬಾರದು. ಉಪ್ಪಿನಕಾಯಿ ಹಾಕುವ ದಿನ ಅಮ್ಮ ಒಂದೊಂದನ್ನೂ ತೊಟ್ಟು ಹಿಡಿದು ನೋಡುತ್ತಿದ್ದಳು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ, ಕೊಳೆಯುತ್ತದೆ. ಗೊರಟು ಬಲಿತದ್ದು ಸಿಕ್ಕರೆ 'ಇದು ಕಾಯಿ ಆಗೋಯ್ತು' ಅಂತ ಆಚೆ ಇಡುತ್ತಿದ್ದಳು. ನನ್ನ ಕಣ್ಣಿಗೆ ಎರಡೂ ಅಷ್ಟೇ ಗಾತ್ರ! 'ಮಾವಿನ ಮರಿ' ಅಂದುಬಿಟ್ಟರೆ ಅಮ್ಮನ ಆ ತಿಳಿವಳಿಕೆಗೆ ಜಾಗವೇ ಇರುವುದಿಲ್ಲ, ಅಲ್ವಾ?

ಹಲವು ಪದಗಳಿಗೆ ಹೊಂದುವ ಒಂದು ತುಣುಕು ನಮ್ಮಲ್ಲೂ ಇದೆ: 'ಕಿರು'. 'ಮರಿ'ಯಂತೆ ಪದದ ಕೊನೆಗಲ್ಲ, ಮೊದಲಿಗೆ ಸೇರುತ್ತದೆ. ಕಿರುಬೆರಳು, ಕಿರುನಗೆ, ಟೀವಿ ಬಂದ ಮೇಲೆ ಕಿರುತೆರೆ. ಇದು ಕಣ್ಣಿಗೆ ಕಾಣದಂತೆ ಕೂತಿರುವ ಪದವೊಂದು ನಿಮ್ಮ ಮನೆಯಲ್ಲೇ ಇರಬಹುದು. ಅದು ಕಿತ್ತಳೆ. ನಿಂಬೆ ಜಾತಿಯ ಹಣ್ಣಿಗೆ ಹಿಂದೆ 'ಈಳೆ' ಎಂಬ ಹೆಸರಿತ್ತು. ಹಳಗನ್ನಡದಲ್ಲಿ ಸ್ವರದಿಂದ ಶುರುವಾಗುವ ಪದಕ್ಕೆ ಸೇರುವಾಗ 'ಕಿರು' ಎಂಬುದು 'ಕಿತ್ತ್' ಆಗುತ್ತದೆ. ಹಾಗಾಗಿ ಚಿಕ್ಕ ಈಳೆ ಕಿತ್ತೀಳೆ ಆಯಿತು, ಆಮೇಲೆ ಕಿತ್ತಳೆ. ದೊಡ್ಡ ಈಳೆ ಹೇರೀಳೆ. ಚಿತ್ರಾನ್ನಕ್ಕೆ ಹಿಂಡುವ ಹೇರಳೆಕಾಯಿ ಅದೇ. ಹೆಬ್ಬೆರಳು, ಕಿರುಬೆರಳು ಇದ್ದ ಹಾಗೆ ಇವೂ ಜೋಡಿ.

ಮಗಳನ್ನು ತಿದ್ದಿ ಬೈಯಬೇಡಿ. ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಒಂದು ಕೈಗೆ ಕಿತ್ತಳೆ, ಇನ್ನೊಂದಕ್ಕೆ ಹೇರಳೆ ಕೊಡಿ. ಮಿಡಿ ಸಿಕ್ಕಿದರೆ ಒಂದನ್ನು ಹೆಚ್ಚಿ ಒಳಗೆ ತೋರಿಸಿ.