ಆಂಡ್ರಾಯ್ಡ್ ಟೈಮ್ ಪಿಕರ್‌ನಲ್ಲಿ 15 ನಿಮಿಷಗಳ ಅಂತರ ಮತ್ತು ವೇಳೆಯ ಮಿತಿಯನ್ನು ತರುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ಬೇಡಿಕೆಗಳಿವೆ: ಭೇಟಿಯ ಸಮಯ ಕಾಯ್ದಿರಿಸುವ ನಿಮ್ಮ ಆ್ಯಪ್‌ನ ಬಣ್ಣಗಳೇ ಟೈಮ್ ಪಿಕರ್‌ನಲ್ಲಿಯೂ (ವೇಳೆ ಆರಿಸುವ ಸಿದ್ಧ ಪೆಟ್ಟಿಗೆ) ಇರಬೇಕು, ನಿಮಿಷಗಳು 00, 15, 30, 45 ಎಂದಷ್ಟೇ ಕಾಣಬೇಕು, ಬೆಳಿಗ್ಗೆ 9ರಿಂದ ಸಂಜೆ 6ರ ಆಚೆಗಿನ ಯಾವ ವೇಳೆಯನ್ನೂ ಆರಿಸಲು ಬರಬಾರದು. ಮೊದಲನೆಯದು ಥೀಮ್ (ಆ್ಯಪ್‌ನ ಬಣ್ಣ, ರೂಪಗಳ ಒಟ್ಟು ಹೊಂದಿಕೆ) ಮೂಲಕವೇ ಆಗುತ್ತದೆ. ಉಳಿದೆರಡಕ್ಕೆ ಸಿದ್ಧ ಟೈಮ್ ಪಿಕರ್ ಅನ್ನು ಒಳಗಿನಿಂದ ತಿದ್ದಲು ಹೋಗದೆ, ಎರಡು ನಂಬರ್ ಪಿಕರ್‌ಗಳನ್ನು (ಸಂಖ್ಯೆ ಆರಿಸಲು ಉರುಳಿಸುವ ಚಕ್ರಗಳು) ಅಕ್ಕಪಕ್ಕ ಇಟ್ಟು ನಿಮ್ಮದೇ ಡೈಲಾಗ್, ಅಂದರೆ ಪರದೆಯ ಮೇಲೆ ತೆರೆಯುವ ಚಿಕ್ಕ ಪೆಟ್ಟಿಗೆ, ಕಟ್ಟಿಕೊಳ್ಳಿ ಎಂಬುದು ನನ್ನ ಸಲಹೆ.

ಬಣ್ಣದ ವಿಷಯ ಸರಳವಾಗಿದೆ. ಆ್ಯಪ್‌ನ ಥೀಮ್‌ನಲ್ಲಿ ‘ಟೈಮ್‌ಪಿಕರ್‌ಡೈಲಾಗ್‌ಥೀಮ್’ ಎಂಬ ಗುಣವನ್ನು ನಿಮ್ಮದೊಂದು ಸ್ಟೈಲ್‌ಗೆ ಜೋಡಿಸಿ, ಅದರಲ್ಲಿ ಆ್ಯಕ್ಸೆಂಟ್ ಬಣ್ಣವನ್ನು (ಎದ್ದು ಕಾಣಬೇಕಾದ ಭಾಗಗಳ ಬಣ್ಣ) ಕೊಟ್ಟರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಗಡಿಯಾರದ ಮುಖ, ಮುಳ್ಳು ಮತ್ತು ಮೇಲಿನ ಪಟ್ಟಿಗೆ ಬೇರೆ ಬೇರೆ ಬಣ್ಣ ಬೇಕಿದ್ದರೆ ಅವಕ್ಕೂ ಪ್ರತ್ಯೇಕ ಗುಣಗಳಿವೆ. ಗಡಿಯಾರದ ಬದಲು ಉರುಳುವ ಚಕ್ರಗಳು ಬೇಕಿದ್ದರೆ ‘ಟೈಮ್‌ಪಿಕರ್‌ಮೋಡ್’ ಅನ್ನು ‘ಸ್ಪಿನ್ನರ್’ ಎಂದು ಎಕ್ಸ್‌ಎಂಎಲ್‌ನಲ್ಲಿಯೇ (ಪರದೆಯ ರೂಪವನ್ನು ವಿವರಿಸುವ ಕಡತ) ಬರೆಯಬೇಕು. ಆ್ಯಪ್ ಓಡುತ್ತಿರುವಾಗ ಇದನ್ನು ಕೋಡ್‌ನಿಂದ ಬದಲಿಸಲು ಸಾರ್ವಜನಿಕ ಮೆಥಡ್ ಇಲ್ಲ.

ನಿಮಿಷಗಳ ಅಂತರವೇ ನಿಜವಾದ ತೊಡಕು. ಐಫೋನ್‌ನ ಡೇಟ್ ಪಿಕರ್‌ನಲ್ಲಿ ‘ಮಿನಿಟ್‌ಇಂಟರ್ವಲ್’ ಎಂಬ ಗುಣವಿದ್ದು, 60 ಅನ್ನು ಶೇಷವಿಲ್ಲದೆ ಭಾಗಿಸುವ, 30ನ್ನು ಮೀರದ ಯಾವ ಸಂಖ್ಯೆಯನ್ನಾದರೂ ಅದಕ್ಕೆ ಕೊಡಬಹುದು. ಆಂಡ್ರಾಯ್ಡ್‌ನ ಟೈಮ್ ಪಿಕರ್‌ನಲ್ಲಿ ಅಂಥ ಸೌಲಭ್ಯವಿಲ್ಲ. ಹೀಗಾಗಿ ಹಲವರು ಸ್ಪಿನ್ನರ್ ರೂಪದ ಟೈಮ್ ಪಿಕರ್‌ನ ಒಳಗಿರುವ ನಿಮಿಷದ ಚಕ್ರವನ್ನು ಅದರ ಆಂತರಿಕ ಐಡಿಯಿಂದ ಹುಡುಕಿ ತೆಗೆದು, ಅದಕ್ಕೆ ನಾಲ್ಕೇ ಮೌಲ್ಯಗಳನ್ನು ತುಂಬುತ್ತಾರೆ. ಇದು ಕೆಲಸ ಮಾಡುವಂತೆ ಕಾಣುತ್ತದೆ, ಆದರೆ ಬಳಕೆದಾರರಿಗೆ 45 ಎಂದು ಕಾಣುವಾಗ ‘ಗೆಟ್‌ಮಿನಿಟ್’ ನಿಮಗೆ 3 ಎಂಬ ಕ್ರಮಸಂಖ್ಯೆಯನ್ನು ಕೊಡುತ್ತದೆ. ಅದನ್ನು ಪ್ರತಿ ಬಾರಿಯೂ 15ರಿಂದ ಗುಣಿಸಲು ನೆನಪಿಡಬೇಕು, ಹೊಂದಿಸುವಾಗ ಭಾಗಿಸಲು ನೆನಪಿಡಬೇಕು. ಆ ಐಡಿಯಂತೂ ಸಾರ್ವಜನಿಕ ಒಪ್ಪಂದದ ಭಾಗವೇ ಅಲ್ಲ. ಮುಂದಿನ ಆವೃತ್ತಿಯಲ್ಲಿ ಅದು ಹಾಗೆಯೇ ಉಳಿಯುತ್ತದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ರಿಫ್ಲೆಕ್ಷನ್ (ಆ್ಯಪ್ ಓಡುತ್ತಿರುವಾಗ ಕ್ಲಾಸ್‌ನ ಒಳಗಿನ ಭಾಗಗಳನ್ನು ಹೆಸರಿನಿಂದ ಹುಡುಕುವ ತಂತ್ರ) ಬಳಸಿ ಒಳಭಾಗಗಳನ್ನು ತಲುಪುವ ದಾರಿಗಳ ಮೇಲೆ ಆಂಡ್ರಾಯ್ಡ್ 9ರಿಂದ ನಿರ್ಬಂಧಗಳೂ ಬಂದಿವೆ.

ಆದ್ದರಿಂದ ಒಂದು ಲೇಔಟ್‌ನಲ್ಲಿ ಗಂಟೆಗೊಂದು, ನಿಮಿಷಕ್ಕೊಂದು ನಂಬರ್ ಪಿಕರ್ ಇಡಿ. ಗಂಟೆಯ ಕನಿಷ್ಠ ಮೌಲ್ಯ 9, ಗರಿಷ್ಠ ಮೌಲ್ಯ 18 ಇರಲಿ. ತೋರಿಸುವ ಪಠ್ಯವನ್ನು ‘ಸೆಟ್‌ಡಿಸ್‌ಪ್ಲೇಡ್‌ವ್ಯಾಲ್ಯೂಸ್’ ಮೂಲಕ ಬೇರೆಯಾಗಿ ಕೊಡಬಹುದಾದ್ದರಿಂದ, ಮೌಲ್ಯ 15 ಇದ್ದಲ್ಲಿ ‘ಮಧ್ಯಾಹ್ನ 3’ ಎಂದು ಕಾಣಿಸುವುದು ಕಷ್ಟವಲ್ಲ. ಫೋನ್‌ನಲ್ಲಿ 24 ಗಂಟೆಗಳ ಕ್ರಮವನ್ನು ಆರಿಸಿಕೊಂಡವರಿಗೆ ಅದೇ ಕ್ರಮದಲ್ಲಿ ತೋರಿಸಿ. ಡೇಟ್‌ಫಾರ್ಮ್ಯಾಟ್ ಕ್ಲಾಸ್‌ನ ‘ಈಸ್24ಅವರ್‌ಫಾರ್ಮ್ಯಾಟ್’ ಆ ಆಯ್ಕೆಯನ್ನು ತಿಳಿಸುತ್ತದೆ. ನಿಮಿಷದ ಪಿಕರ್‌ಗೆ 0ಯಿಂದ 3ರವರೆಗಿನ ಮೌಲ್ಯಗಳು ಸಾಕು; ಅವುಗಳ ಪಠ್ಯ 00, 15, 30, 45 ಇರಲಿ, ಓದುವಾಗ ಮೌಲ್ಯವನ್ನು 15ರಿಂದ ಗುಣಿಸಿ.

ಇಲ್ಲಿ ಗಮನ ಕೊಡಬೇಕಾದ ಜಾಗ ಸಂಜೆ 6. ಕೊನೆಯ ಭೇಟಿ ಸರಿಯಾಗಿ 6ಕ್ಕೆ ಎಂದಾದರೆ, ಗಂಟೆಯ ಚಕ್ರ 18ಕ್ಕೆ ಬಂದ ಕೂಡಲೇ ನಿಮಿಷದ ಚಕ್ರದಲ್ಲಿ 00 ಒಂದೇ ಉಳಿಯಬೇಕು. ಮತ್ತೆ 17ಕ್ಕೆ ಹಿಂದಿರುಗಿದಾಗ ನಾಲ್ಕೂ ಮೌಲ್ಯಗಳು ಬರಬೇಕು. ಈ ಹಿಂದಿರುಗುವ ಹೆಜ್ಜೆಯಲ್ಲಿಯೇ ಆ್ಯಪ್ ಕ್ರ್ಯಾಶ್ ಆಗುವ ಸಾಧ್ಯತೆ ಹೆಚ್ಚು. ಪಠ್ಯಗಳ ಅರೇಯಲ್ಲಿ (ಕ್ರಮವಾದ ಪಟ್ಟಿ) ಒಂದೇ ಅಂಶವಿರುವಾಗ ಗರಿಷ್ಠ ಮೌಲ್ಯವನ್ನು 3ಕ್ಕೆ ಏರಿಸಿದರೆ, ಪಿಕರ್ ಇಲ್ಲದ ಅಂಶಗಳನ್ನು ಓದಲು ಹೋಗಿ, ಅರೇಯ ಮಿತಿ ಮೀರಿದ ದೋಷವನ್ನು ಎಸೆಯುತ್ತದೆ. ಮೊದಲು ಪಠ್ಯಗಳಿಗೆ ನಲ್ (ಏನೂ ಇಲ್ಲ ಎಂಬ ಮೌಲ್ಯ) ಕೊಡಿ, ಅನಂತರ ಗರಿಷ್ಠ ಮೌಲ್ಯವನ್ನು ಬದಲಿಸಿ, ಕೊನೆಗೆ ಹೊಸ ಅರೇಯನ್ನು ಕೊಡಿ. ಇಳಿಸುವಾಗಲೂ ಏರಿಸುವಾಗಲೂ ಇದೇ ಕ್ರಮ ಇರಲಿ.

ಗರಿಷ್ಠ ಮೌಲ್ಯ ಇಳಿದಾಗ ಪಿಕರ್ ತನ್ನ ಈಗಿನ ಮೌಲ್ಯವನ್ನು ತಾನೇ ಇಳಿಸಿಕೊಳ್ಳುತ್ತದೆ, ಆದರೆ ಅದಕ್ಕಾಗಿ ನಿಮ್ಮ ಲಿಸನರ್ (ಬಳಕೆದಾರರು ಮೌಲ್ಯ ಬದಲಿಸಿದಾಗ ಓಡುವ ಕೋಡ್) ಅನ್ನು ಕರೆಯುವುದಿಲ್ಲ. ಹಾಗಾಗಿ ಲಿಸನರ್‌ನಲ್ಲಿ ಕೂಡಿಟ್ಟ ಸಂಖ್ಯೆಯನ್ನು ನಂಬಬೇಡಿ; ‘ಸರಿ’ ಗುಂಡಿ ಒತ್ತಿದಾಗ ಎರಡೂ ಪಿಕರ್‌ಗಳಿಂದ ನೇರವಾಗಿ ಓದಿಕೊಳ್ಳಿ. 5:45 ಆರಿಸಿದ್ದವರು ಆಕಸ್ಮಿಕವಾಗಿ 6ಕ್ಕೆ ಹೋಗಿ ಮರಳಿದರೆ ಅವರ 45 ಕಳೆದುಹೋಗಿರುತ್ತದೆ ಎಂಬುದೂ ನನಗೆ ಮುಖ್ಯವಾಗಿ ತೋರುತ್ತದೆ. ಅವರು ಹಿಂದೆ ಆರಿಸಿದ್ದ ನಿಮಿಷವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಮರಳಿ ಹೊಂದಿಸುವುದಕ್ಕೆ ಎರಡೇ ಸಾಲಿನ ಕೋಡ್ ಸಾಕು, ದಯವಿಟ್ಟು ಅದನ್ನು ಬಿಡಬೇಡಿ.

ಚಕ್ರ ಸುತ್ತುವುದನ್ನು ನಿಲ್ಲಿಸಲು, ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ಕೊಟ್ಟ ನಂತರ ‘ಸೆಟ್‌ರ‍್ಯಾಪ್‌ಸೆಲೆಕ್ಟರ್‌ವೀಲ್’ಗೆ ಫಾಲ್ಸ್ ಕೊಡಿ, ಇಲ್ಲದಿದ್ದರೆ ಸಂಜೆ 6ರ ಕೆಳಗೇ ಬೆಳಿಗ್ಗೆ 9 ಕಾಣಿಸಿಕೊಂಡು ಗೊಂದಲವಾಗುತ್ತದೆ. ಸಂಖ್ಯೆಯನ್ನು ಮುಟ್ಟಿದಾಗ ಕೀಬೋರ್ಡ್ ತೆರೆದುಕೊಳ್ಳುವುದು ಬೇಡವಾದರೆ ಪಿಕರ್‌ನ ಒಳಗಿನ ಅಂಶಗಳಿಗೆ ಫೋಕಸ್ ಸಿಗದಂತೆ ತಡೆಯಿರಿ.

ಸಿದ್ಧ ಪಿಕರ್ ಅನ್ನೇ ತೋರಿಸಿ, ತಪ್ಪು ವೇಳೆ ಆರಿಸಿದವರಿಗೆ ಆಮೇಲೆ ಎಚ್ಚರಿಕೆಯ ಸಂದೇಶ ಕೊಡುವ ಸಲಹೆಯೂ ನಿಮಗೆ ಬರಬಹುದು. ನಾನು ಅದನ್ನು ಒಪ್ಪುವುದಿಲ್ಲ. ಆಗದ ವೇಳೆಯನ್ನು ಮುಂದಿಟ್ಟು, ಆರಿಸಿದ ಮೇಲೆ ಇಲ್ಲವೆನ್ನುವುದು ಬಳಕೆದಾರರ ಸಮಯವನ್ನು ವ್ಯರ್ಥ ಮಾಡುತ್ತದೆ. ಆದರೆ ಸರ್ವರ್‌ನಲ್ಲಿ ಮಾತ್ರ ವೇಳೆಯನ್ನು ಮತ್ತೊಮ್ಮೆ ಪರಿಶೀಲಿಸಲೇಬೇಕು, ಏಕೆಂದರೆ ಅಲ್ಲಿಗೆ ಬರುವ ಪ್ರತಿ ವಿನಂತಿಯೂ ನಿಮ್ಮ ಡೈಲಾಗ್‌ನಿಂದಲೇ ಬಂದಿರಬೇಕೆಂದಿಲ್ಲ. ಅಲ್ಲಿಗೆ ಕಳುಹಿಸುವಾಗ ಪರದೆಯ ಮೇಲಿನ ಪಠ್ಯದ ಬದಲು ಮಧ್ಯರಾತ್ರಿಯಿಂದ ಕಳೆದ ನಿಮಿಷಗಳನ್ನು ಒಂದೇ ಸಂಖ್ಯೆಯಾಗಿ ಕಳುಹಿಸಿ: 9:15 ಎಂದರೆ 555, ಸಂಜೆ 6 ಎಂದರೆ 1080. ಆಗ ಪರಿಶೀಲನೆಗೆ ಎರಡು ಹೋಲಿಕೆಗಳು ಮತ್ತು 15ರಿಂದ ಒಂದು ಭಾಗಾಕಾರ ಸಾಕಾಗುತ್ತದೆ.