ಅಂದು ಬಿ ಪಾಸಿಟಿವ್, ಇಂದು ಬಿ ನೆಗೆಟಿವ್: ರಕ್ತದ ಗುಂಪು ಬದಲಾಗುತ್ತದೆಯೇ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ರಕ್ತದಾನ ಮಾಡಿದ್ದೆ. ಆಗ ಕೊಟ್ಟ ಕಾರ್ಡಿನಲ್ಲಿ ಬಿ ಪಾಸಿಟಿವ್ ಎಂದಿದೆ. ಈಗ ಐದು ತಿಂಗಳ ಬಸುರಿ, ಮೊದಲ ಮಗು. ಆಸ್ಪತ್ರೆಯ ವರದಿಯಲ್ಲಿ ಬಿ ನೆಗೆಟಿವ್ ಅಂತ ಬಂದಿದೆ. ಬಸುರಿಯಾದರೆ ರಕ್ತ ಬದಲಾಗುತ್ತದೆ ಅನ್ನುತ್ತಾರೆ ನಮ್ಮತ್ತೆ. ನಮ್ಮವರದು ಒ ಪಾಸಿಟಿವ್. ಯಾವುದನ್ನು ನಂಬಲಿ ಡಾಕ್ಟ್ರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಸಿರಿನಿಂದ ರಕ್ತದ ಗುಂಪು ಬದಲಾಗುವುದಿಲ್ಲ. ಸ್ಯಾಂಪಲ್ ಅದಲುಬದಲಾಗಿರಬಹುದು, ಹಾಗಾಗಿ ಹೊಸದಾಗಿ ರಕ್ತ ಕೊಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಆದರೆ ಎರಡು ವರದಿಯೂ ಸರಿಯಿರಬಹುದು.

ಕೆಂಪು ರಕ್ತಕಣದ ಮೇಲೆ ‘ಡಿ’ ಎಂಬ ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಕೆಲವರಲ್ಲಿ ಅದು ಇದ್ದರೂ ತೀರಾ ಕಡಿಮೆ. ಇದಕ್ಕೆ ವೀಕ್ ಡಿ ಅನ್ನುತ್ತೇವೆ. ಮಾಮೂಲಿ ಪರೀಕ್ಷೆಗೆ ಇದು ಸಿಗದೇ ಹೋಗಬಹುದು, ಕೂಂಬ್ಸ್ ಎಂಬ ಹೆಚ್ಚು ಸೂಕ್ಷ್ಮ ವಿಧಾನದಲ್ಲಿ ಸಿಗುತ್ತದೆ. ದಾನಿಯ ರಕ್ತ ನೆಗೆಟಿವ್ ಎಂದು ಕಂಡರೆ ರಕ್ತನಿಧಿಯವರು ಈ ಎರಡನೇ ಪರೀಕ್ಷೆಯನ್ನೂ ಮಾಡುತ್ತಾರೆ. ಅಷ್ಟು ಸ್ವಲ್ಪ ಡಿ ಕೂಡ ನೆಗೆಟಿವ್ ರೋಗಿಯ ದೇಹವನ್ನು ಕೆರಳಿಸಬಲ್ಲದು. ಹಾಗಾಗಿ ದಾನಿಯಾಗಿ ನೀವು ಪಾಸಿಟಿವ್.

ರಕ್ತ ಪಡೆಯುವಾಗ ಲೆಕ್ಕ ತಿರುಗುಮುರುಗು. ಕೆಲವರ ಡಿಯಲ್ಲಿ ಒಂದಷ್ಟು ಭಾಗವೇ ಇರುವುದಿಲ್ಲ. ಅಂಥವರ ದೇಹಕ್ಕೆ ಪೂರ್ಣ ಡಿ ಪರಕೀಯವಾಗಿ ಕಾಣಬಹುದು. ಎ, ಬಿ ಗುಂಪುಗಳ ವಿರುದ್ಧದ ಪ್ರತಿಕಾಯಗಳು (ಪರಕೀಯವಾದುದರ ಮೇಲೆ ದಾಳಿ ಮಾಡುವ ಪ್ರೋಟೀನುಗಳು) ಎಳವೆಯಲ್ಲೇ ತಾವಾಗಿ ಹುಟ್ಟುತ್ತವೆ, ಡಿ ವಿರುದ್ಧದವು ಹಾಗಲ್ಲ. ಪಾಸಿಟಿವ್ ರಕ್ತ ಒಳಸೇರಿದ ಮೇಲೆ ಹುಟ್ಟುತ್ತವೆ. ನಿಮ್ಮವರು ಪಾಸಿಟಿವ್ ಆದ್ದರಿಂದ ಮಗುವೂ ಪಾಸಿಟಿವ್ ಆಗಬಹುದು, ಹೆರಿಗೆಯಲ್ಲಿ ಅದರ ರಕ್ತ ನಿಮ್ಮೊಳಗೆ ಸೇರಬಹುದು. ಒಮ್ಮೆ ಹುಟ್ಟಿದರೆ ಆ ನೆನಪು ದೇಹದಿಂದ ಅಳಿಯದು. ಮುಂದಿನ ಬಸಿರಿನಲ್ಲಿ ಅವು ಮಾಸು ದಾಟಿ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ಅದಕ್ಕೇ ಬಸುರಿಯನ್ನು ನೆಗೆಟಿವ್ ಎಂದು ಎಣಿಸುವುದೇ ಕ್ಷೇಮ. ಆಸ್ಪತ್ರೆಯವರು ಮಾಡಿದ್ದು ಸರಿಯೇ ಇದೆ.

ಈಗಲೇ ಎರಡೂ ಕಾಗದ ತೋರಿಸಿ, ರಕ್ತದಲ್ಲಿ ಡಿ ವಿರುದ್ಧದ ಪ್ರತಿಕಾಯ ಇದೆಯೇ ಎಂದು ನೋಡುವ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮಾಡಿಸಿ. ಪ್ರತಿಕಾಯ ಇಲ್ಲದಿದ್ದರೆ 28ನೇ ವಾರಕ್ಕೆ, ಅದು ಹುಟ್ಟದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್. ಮಗು ಪಾಸಿಟಿವ್ ಆದರೆ ಹೆರಿಗೆಯ ನಂತರ 72 ಗಂಟೆಯೊಳಗೆ ಇನ್ನೊಂದು. 1968ರಿಂದ ಬಳಕೆಯಲ್ಲಿರುವ ಈ ಮದ್ದು ಎಷ್ಟೋ ಮಕ್ಕಳನ್ನು ಉಳಿಸಿದೆ, ದಯವಿಟ್ಟು ತಪ್ಪಿಸಬೇಡಿ. ಪ್ರತಿಕಾಯ ಹುಟ್ಟಿದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ನಡುವೆ ರಕ್ತಸ್ರಾವವಾದರೆ, ಬಿದ್ದು ಹೊಟ್ಟೆಗೆ ಪೆಟ್ಟಾದರೆ ಅಂದೇ ಆಸ್ಪತ್ರೆಗೆ ಹೋಗಿ. ಹೆರಿಗೆಯಲ್ಲಿ ರಕ್ತ ಬೇಕಾದರೆ ಹಳೆಯ ಕಾರ್ಡ್ ನಂಬಿ ಪಾಸಿಟಿವ್ ತರಿಸಬೇಡಿ. ಬಿ ನೆಗೆಟಿವ್ ನಮ್ಮಲ್ಲಿ ವಿರಳ, ಹೆರಿಗೆಗೆ ಮುಂಚೆಯೇ ರಕ್ತನಿಧಿಗೆ ತಿಳಿಸಿಡಿ.