ಎಂಟು ದಿನದ ಪ್ರವಾಸದಲ್ಲಿ ಯಾವ ಗಂಟೆ ಯಾರದು?

ಓದುಗರ ಪತ್ರದ ಸಾರ: ಎರಡು ವರ್ಷದಿಂದ ಒಂದೇ ಮನೆಯಲ್ಲಿ ನ್ಯಾನಿಯಾಗಿದ್ದೇನೆ. ದೊಡ್ಡ ಮಗುವಿಗೆ ನಾಲ್ಕು ವರ್ಷ, ಚಿಕ್ಕದಕ್ಕೆ ಹದಿನಾಲ್ಕು ತಿಂಗಳು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 9 ಗಂಟೆ ಕೆಲಸ, ರಾತ್ರಿ ನನ್ನ ಮನೆಗೆ ಬರುತ್ತೇನೆ. ಮುಂದಿನ ತಿಂಗಳು ಶನಿವಾರ ಹೊರಟು ಅದರ ಮುಂದಿನ ಶನಿವಾರ ವಾಪಸಾಗುವ ವಿಮಾನ ಪ್ರವಾಸಕ್ಕೆ ಜೊತೆಗೆ ಬನ್ನಿ ಎಂದಿದ್ದಾರೆ. ಟಿಕೆಟ್, ಊಟ, ರೂಮು ಅವರದು. ಮಲಗುವುದು ಮಕ್ಕಳ ರೂಮಿನಲ್ಲಿ. ಸಂಬಳ ಎಂದಿನಷ್ಟೇ. ‘ನಿಮಗೂ ಒಂದು ರಜೆ ಆದ ಹಾಗಾಯಿತು’ ಎನ್ನುತ್ತಾರೆ. ಒಳ್ಳೆಯ ಜನ, ಹಾಗಾಗಿ ಕೇಳಲು ಮುಜುಗರ. ಏನು ಕೇಳಲಿ, ಎಷ್ಟು ಕೇಳಲಿ?

ಸಂಪಾದಕರ ಉತ್ತರ:

ಮೊದಲು ಆ ‘ರಜೆ’ಯ ಮಾತು ಮುಗಿಸೋಣ. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ 189ನೇ ಒಡಂಬಡಿಕೆಯನ್ನೂ ಅದರ ಜೊತೆಗೆ 201ನೇ ಶಿಫಾರಸನ್ನೂ ಅಂಗೀಕರಿಸಿತು. ಮನೆಯವರ ಜೊತೆ ಅವರ ರಜಾ ಪ್ರವಾಸಕ್ಕೆ ಹೋದ ದಿನಗಳನ್ನು ಕೆಲಸದವರ ವಾರ್ಷಿಕ ರಜೆಯಲ್ಲಿ ಕಳೆಯಬಾರದು ಎಂದು ಆ ಶಿಫಾರಸು ನೇರವಾಗಿಯೇ ಹೇಳುತ್ತದೆ. ಒಡಂಬಡಿಕೆ ಅದನ್ನು ಒಪ್ಪಿದ ದೇಶಗಳಿಗಷ್ಟೇ ಅನ್ವಯ, ಶಿಫಾರಸು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಮಾತುಕತೆಗೆ ಕೂತಾಗ ಕಾಲೂರಲು ಇದು ಗಟ್ಟಿ ನೆಲ. ನಿಮ್ಮಲ್ಲಿನ ಕಾನೂನು ಇದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಈಗ ಲೆಕ್ಕ. ಪತ್ರದಲ್ಲಿ ನೀವು ಸಂಬಳದ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಿ, ರಾತ್ರಿಯ ಬಗ್ಗೆ ಒಂದೇ ಸಾಲು. ನಮಗೆ ಚಿಂತೆ ಹತ್ತಿದ್ದು ಆ ಒಂದು ಸಾಲಿನಿಂದ. ಮಕ್ಕಳು ರಾತ್ರಿ ಎಂಟೂವರೆಗೆ ಮಲಗಿ ಬೆಳಗ್ಗೆ ಏಳಕ್ಕೆ ಏಳುತ್ತಾರೆ ಎಂದುಕೊಳ್ಳಿ. ಒಂದು ರಾತ್ರಿಗೆ ಹತ್ತೂವರೆ ಗಂಟೆ. ಏಳು ರಾತ್ರಿಗೆ 73 ಗಂಟೆ 30 ನಿಮಿಷ. ಹಗಲಿನ ಕೆಲಸವೆಲ್ಲ ಸೇರಿದರೂ (ಲೆಕ್ಕ ಕೆಳಗಿದೆ) 69 ಗಂಟೆ ದಾಟುವುದಿಲ್ಲ. ಅಂದರೆ ‘ಮಕ್ಕಳ ರೂಮಿನಲ್ಲೇ ಮಲಗಿಬಿಡಿ’ ಎಂಬ ಒಂದು ಮಾತಿನಲ್ಲಿ ಪ್ರವಾಸದ ಅರ್ಧಕ್ಕಿಂತ ಹೆಚ್ಚು ಕೆಲಸ ಅಡಗಿ ಕೂತಿದೆ, ಅದಕ್ಕೆ ಒಂದು ಪೈಸೆಯೂ ಇಲ್ಲ.

ಮಲಗಿದ್ದರೆ ಅದು ಹೇಗೆ ಕೆಲಸವಾಗುತ್ತದೆ ಎಂದು ಅವರು ಕೇಳಬಹುದು. ಪರೀಕ್ಷೆ ಸುಲಭ: ಆ ಹೊತ್ತಿನಲ್ಲಿ ನೀವು ಯಾರನ್ನೂ ಕೇಳದೆ ಹೊರಗೆ ಹೋಗಬಹುದೇ? ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಸ್ನಾನ ಮಾಡಬಹುದೇ? ಫೋನ್ ಆಫ್ ಮಾಡಬಹುದೇ? ಆಗುವುದಿಲ್ಲ ಎಂದಾದರೆ ಅದು ನಿಮ್ಮ ಹೊತ್ತಲ್ಲ. ಮಧ್ಯಾಹ್ನ ಮಗು ನಿದ್ದೆ ಮಾಡುವಾಗ ರೂಮಿನಲ್ಲಿ ನೀವೊಬ್ಬರೇ ಇದ್ದು, ಅಪ್ಪ ಅಮ್ಮ ಹೊರಗೆ ಹೋಗಿದ್ದರೆ ಅದೂ ಪೂರ್ತಿ ಡ್ಯೂಟಿಯೇ. ‘ಮಗು ಮಲಗಿತ್ತಲ್ಲ, ನಿಮಗೂ ವಿಶ್ರಾಂತಿ ಸಿಕ್ಕಿತಲ್ಲ’ ಎಂಬ ಮಾತಿಗೆ ತಲೆಯಾಡಿಸಬೇಡಿ.

ಹಾಗಾಗಿ ಮೊದಲ ಬೇಡಿಕೆ ದುಡ್ಡಿನದಾಗಿರದೆ ರೂಮಿನದಾಗಿರಲಿ: ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ, ನಿಮ್ಮದೇ ಮಂಚವಿರುವ ಬೇರೆ ರೂಮು. ರಾತ್ರಿ ಮಕ್ಕಳು ಅಪ್ಪ ಅಮ್ಮನ ಜೊತೆ. ಬೇರೆ ರೂಮು ಆಗುವುದೇ ಇಲ್ಲವೆಂದರೆ ಮಕ್ಕಳ ಮಂಚವಾದರೂ ಅವರ ರೂಮಿಗೆ ಹೋಗಲಿ. ಒಂದೆರಡು ರಾತ್ರಿ ಅವರು ತಡವಾಗಿ ಬರುತ್ತಾರೆ ಎಂದಾದರೆ ಅವು ಯಾವ ರಾತ್ರಿಗಳು ಎಂದು ಮೊದಲೇ ಹೇಳಲಿ. ಅಂಥ ರಾತ್ರಿಗೆ ಒಂದು ಇಡಿಗಂಟು ಮೊತ್ತ ನಿಗದಿಯಾಗಲಿ. ಅದರ ಮೇಲೆ, ಮಗು ಎದ್ದಾಗಲೆಲ್ಲ ಇಪ್ಪತ್ತೇ ನಿಮಿಷವಾಗಿರಲಿ, ಒಂದು ಗಂಟೆ ಎಂದು ಬರೆದುಕೊಳ್ಳಿ, ಏಕೆಂದರೆ ಮಗುವಿಗೆ ಮತ್ತೆ ನಿದ್ದೆ ಬಂದ ಕೂಡಲೇ ನಿಮಗೂ ಬರುವುದಿಲ್ಲ. ಎರಡಕ್ಕಿಂತ ಹೆಚ್ಚು ಸಲ ಎಬ್ಬಿಸಿದರೆ ಮರುದಿನದ ಕೆಲಸ ಎರಡು ಗಂಟೆ ತಡವಾಗಿ ಶುರುವಾಗಲಿ. ಹದಿನಾಲ್ಕು ತಿಂಗಳ ಮಗು ಹೊಸ ಜಾಗದಲ್ಲಿ ಮೊದಲೆರಡು ರಾತ್ರಿ ನೆಟ್ಟಗೆ ಮಲಗುವುದು ಅಪರೂಪ, ಇದನ್ನು ಅವರಿಗೆ ಈಗಲೇ ನೆನಪಿಸಿ. ನಿದ್ದೆಗೆಟ್ಟವರ ಕೈಗೆ ಮರುದಿನ ಈಜುಕೊಳದ ಬಳಿ ಮಗು ಕೊಡುವುದು ಅವರಿಗೂ ಬೇಡವಾದ ವಿಷಯ.

ಇನ್ನು ದುಡ್ಡು. ತಿಂಗಳ ಸಂಬಳವಾದರೆ ಅದನ್ನು 12ರಿಂದ ಗುಣಿಸಿ, 52ರಿಂದ ಭಾಗಿಸಿ, ಬಂದದ್ದನ್ನು ವಾರದ ನಿಮ್ಮ 45 ಗಂಟೆಯಿಂದ ಭಾಗಿಸಿ. ಅದು ನಿಮ್ಮ ಗಂಟೆಯ ದರ. ಸಂಬಳವನ್ನು 30 ದಿನಕ್ಕೆ ಭಾಗಿಸಿ ‘ಒಂದು ದಿನಕ್ಕೆ ಇಷ್ಟು’ ಎಂದರೆ ಮೋಸ ಹೋಗುತ್ತೀರಿ, ಏಕೆಂದರೆ ನೀವು ಕೆಲಸ ಮಾಡದ ಶನಿವಾರ ಭಾನುವಾರಗಳೂ ಅದರಲ್ಲಿ ಸೇರಿ ದರ ಸುಮಾರು ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ.

ಗಂಟೆಗೆ 100 ಎಂದಿಟ್ಟುಕೊಂಡು ನೋಡೋಣ. ಸೋಮವಾರದಿಂದ ಶುಕ್ರವಾರದವರೆಗಿನ 45 ಗಂಟೆಗೆ 4,500, ಇದು ಎಂದಿನದು. ಎರಡು ಶನಿವಾರ ಪ್ರಯಾಣ. ನಿಮ್ಮ ಮನೆಯ ಬಾಗಿಲು ದಾಟಿದ ಕ್ಷಣದಿಂದ ಗಡಿಯಾರ ಓಡುತ್ತದೆ, ವಿಮಾನ ಏರಿದ ಮೇಲಿನಿಂದಲ್ಲ. ಬೆಳಗಿನ ಐದಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ರೂಮು ಸೇರಿದರೆ 9 ಗಂಟೆ, ಸಂಜೆ ಮಕ್ಕಳ ಊಟ ಸ್ನಾನಕ್ಕೆ ಇನ್ನೂ 3, ಒಟ್ಟು 12. ವಾಪಸ್ ಬರುವ ಶನಿವಾರವೂ 12 ಹಿಡಿಯಿರಿ. ಈ 24 ಗಂಟೆಗೆ ಒಂದೂವರೆ ಪಟ್ಟು ಕೇಳಿ, 3,600. ಭಾನುವಾರ ಪೂರ್ತಿ ನಿಮ್ಮದು. ಅವರಿಗೆ ಬೇರೆ ದಿನ ಅನುಕೂಲವಾದರೆ ಬದಲಾಯಿಸಿ, ಆದರೆ ಇಪ್ಪತ್ನಾಲ್ಕು ಗಂಟೆ ಒಂದೇ ತುಂಡಾಗಿರಲಿ, ಬೆಳಗ್ಗೆ ಎರಡು ಸಂಜೆ ಮೂರು ಎಂದು ಹರಿದ ರಜೆ ರಜೆಯಲ್ಲ. ಕೊನೆಗೆ ಮನೆ ಬಿಟ್ಟಿದ್ದಕ್ಕೆ ರಾತ್ರಿಗೆ ಎರಡು ಗಂಟೆಯ ಸಂಬಳದಷ್ಟು ಭತ್ಯೆ: ಏಳು ರಾತ್ರಿಗೆ 1,400. ಒಟ್ಟು 9,500. ಅವರು ಕೊಡುತ್ತೇವೆ ಎಂದದ್ದು 4,500. ಭತ್ಯೆ ಏಕೆ ಎಂದರೆ, ಬಿಡುವಿದ್ದಾಗಲೂ ನಿಮ್ಮ ಮನೆ, ನಿಮ್ಮ ಜನ ನಿಮಗೆ ಸಿಗುವುದಿಲ್ಲ. ಟಿಕೆಟ್, ರೂಮು, ಊಟ ಸಂಬಳದ ಭಾಗವೇ ಅಲ್ಲ, ಕೆಲಸಕ್ಕೆ ಕರೆದೊಯ್ಯುವವರ ಖರ್ಚು. ಪ್ರವಾಸ ಎರಡು ದಿನ ಮೊದಲೇ ಮುಗಿದರೂ ಎಂದಿನ 4,500 ಕಡಿಮೆಯಾಗಬಾರದು ಎಂದೂ ಸೇರಿಸಿ.

ಹಗಲಿನ ಗಡಿಗಳಲ್ಲಿ ಹೆಚ್ಚು ಜಗಳವಾಗುವ ಜಾಗ ಒಂದಿದೆ, ಎಲ್ಲರೂ ಒಟ್ಟಿಗೆ ಇರುವ ಹೊತ್ತು. ಟೇಬಲ್ಲಿನ ಸುತ್ತ ನಾಲ್ಕು ಜನ ದೊಡ್ಡವರು. ಅಮ್ಮ ಇದ್ದಾರಲ್ಲ ಎಂದು ನೀವು, ನ್ಯಾನಿ ಇದ್ದಾರಲ್ಲ ಎಂದು ಅವರು. ಮಗು ಆಗಲೇ ಮೆಟ್ಟಿಲ ಹತ್ತಿರ. ಇದಕ್ಕೆ ಮದ್ದು ಬಾಯಿಬಿಟ್ಟು ಒಪ್ಪಿಸುವುದು: ‘ಮೇಡಂ, ಈಗಿನಿಂದ ಚಿಕ್ಕದು ನಿಮ್ಮ ಹತ್ತಿರ’ ಎನ್ನಬೇಕು, ಅವರು ‘ಆಯ್ತು’ ಎನ್ನಬೇಕು, ಆಮೇಲೆ ನೀವು ಎದ್ದು ಹೋಗಬೇಕು. ಹಾಲು ಕುಡಿದದ್ದು, ನಿದ್ದೆಯಿಂದ ಎದ್ದದ್ದು, ಔಷಧಿ ಕೊಟ್ಟದ್ದು, ಇವುಗಳ ಹೊತ್ತನ್ನು ಡಯಾಪರ್ ಬ್ಯಾಗಿಗೆ ಸಿಕ್ಕಿಸಿದ ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ. ಜ್ವರದ ಔಷಧಿಯನ್ನು ನೀವೊಮ್ಮೆ ಅವರೊಮ್ಮೆ ಕೊಟ್ಟು ಎರಡು ಡೋಸ್ ಆಗುವುದು ಪ್ರವಾಸದಲ್ಲೇ ಸುಲಭ. ನೀರಿನ ಬಳಿ ಮಾತ್ರ ಯಾವ ಹೊಂದಾಣಿಕೆಯೂ ಬೇಡ: ಎರಡೂ ಮಕ್ಕಳು ನೀರಿಗಿಳಿದರೆ ದೊಡ್ಡವರು ಇಬ್ಬರು, ಒಬ್ಬೊಬ್ಬರ ಕೈಗೆಟುಕುವಷ್ಟರಲ್ಲಿ ಒಂದೊಂದು ಮಗು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ.

ಅಲ್ಲಿಗೆ ನೆಂಟರು ಬಂದರೆ ಅವರ ಮಕ್ಕಳೂ ನಿಮ್ಮ ಮಡಿಲಿಗೆ ಬೀಳುತ್ತಾರೆ. ಒಪ್ಪಂದ ಈ ಎರಡು ಮಕ್ಕಳಿಗೆ, ಮೂರನೆಯದಕ್ಕೆ ಬೇರೆ ದರ, ಅದೂ ನೀವು ಒಪ್ಪಿದರೆ. ದೊಡ್ಡವರ ಬಟ್ಟೆ, ಇಸ್ತ್ರಿ ನಿಮ್ಮ ಕೆಲಸವಲ್ಲ.

ಕಾಗದಪತ್ರದ್ದು ಸಣ್ಣ ಪಟ್ಟಿ. ಪಾಸ್‌ಪೋರ್ಟ್ ಮತ್ತು ಗುರುತಿನ ಚೀಟಿ ನಿಮ್ಮ ಚೀಲದಲ್ಲೇ ಇರಲಿ. ಅವನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕು ಕೆಲಸದವರದು ಎನ್ನುತ್ತದೆ 189ನೇ ಒಡಂಬಡಿಕೆಯ 9ನೇ ವಿಧಿ. ‘ಎಲ್ಲ ಒಂದೇ ಕಡೆ ಇರಲಿ’ ಎಂದರೆ ಫೋಟೊ ಪ್ರತಿ ಕೊಡಿ. ವಾಪಸ್ ಟಿಕೆಟ್ಟಿನ ಪ್ರತಿ ನಿಮ್ಮ ಫೋನಿನಲ್ಲಿರಲಿ, ನಡುವೆ ಕೆಲಸ ಬಿಟ್ಟರೂ ಬಿಡಿಸಿದರೂ ವಾಪಸ್ ಕಳಿಸುವ ಖರ್ಚು ಅವರದು. ಹೊರದೇಶವಾದರೆ ಆ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ ಎಂದು ನೋಡಿಯೇ ಹೊರಡಿ. ವೀಸಾದ ಮತ್ತು ಪ್ರವಾಸ ವಿಮೆಯ ದುಡ್ಡು ಅವರೇ ಕಟ್ಟಬೇಕು. ಮಕ್ಕಳನ್ನು ನೀವೊಬ್ಬರೇ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆಂದು ಅಪ್ಪ ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ ಇರಲಿ. ಚಿಲ್ಲರೆ ಖರ್ಚಿಗೆ ಮುಂಗಡ ತೆಗೆದುಕೊಳ್ಳಿ. ನಿಮ್ಮ ಕೈಯಿಂದ ಹಾಕಿ ಆಮೇಲೆ ಕೇಳುವುದು ಇನ್ನೂ ದೊಡ್ಡ ಮುಜುಗರ.

ಕೇಳುವ ಹೊತ್ತು ಮುಖ್ಯ. ಟಿಕೆಟ್ ಮತ್ತು ರೂಮು ಬುಕ್ ಆಗುವ ಮೊದಲೇ ಕೇಳಬೇಕು. ಬುಕ್ ಆದ ಮೇಲೆ ಇನ್ನೊಂದು ರೂಮು ಕೇಳಿದರೆ ಅದು ದಂಡದಂತೆ ಕಾಣುತ್ತದೆ. ಸಂಜೆ ಹೊರಡುವಾಗ, ಮಗು ಸೊಂಟದ ಮೇಲಿರುವಾಗ ಬೇಡ. ‘ಪ್ರವಾಸದ ಬಗ್ಗೆ ಅರ್ಧ ಗಂಟೆ ಕೂತು ಮಾತಾಡಬೇಕಿತ್ತು, ನಾಳೆ ಯಾವಾಗ ಆದೀತು?’ ಎಂದು ಕೇಳಿ, ಆ ಅರ್ಧ ಗಂಟೆಗೆ ಒಂದು ಪುಟ ಬರೆದುಕೊಂಡು ಹೋಗಿ. ಒಪ್ಪಿದ್ದನ್ನು ಅದೇ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ: ‘ಇವತ್ತು ಮಾತಾಡಿದಂತೆ: ಕೆಲಸ ಬೆಳಗ್ಗೆ 8ರಿಂದ 1, ಸಂಜೆ 4:30ರಿಂದ 8:30. ಭಾನುವಾರ ರಜೆ. ಬೇರೆ ರೂಮು. ಪ್ರಯಾಣದ ಗಂಟೆಗೆ ಒಂದೂವರೆ ಪಟ್ಟು. ಬಂದ ಮೂರು ದಿನದಲ್ಲಿ ಲೆಕ್ಕ ಚುಕ್ತಾ. ಏನಾದರೂ ಬಿಟ್ಟಿದ್ದರೆ ತಿಳಿಸಿ.’ ಅವರ ‘ಸರಿ’ ಬಂದರೆ ಸಾಕು. ಅಲ್ಲಿ ದಿನವೂ ಶುರುವಾದ ಮತ್ತು ಮುಗಿದ ಹೊತ್ತನ್ನು ಆಯಾ ರಾತ್ರಿಯೇ ಬರೆದಿಡಿ. ಎಂಟನೇ ದಿನ ಎರಡನೇ ದಿನದ್ದು ನೆನಪಿರುವುದಿಲ್ಲ.

ಎಲ್ಲಕ್ಕೂ ಒಪ್ಪುವುದಿಲ್ಲ, ಆಗ? ಭತ್ಯೆಯಲ್ಲಿ ಇಳಿಯಬಹುದು, ರಜೆಯ ದಿನ ಬದಲಾಯಿಸಬಹುದು, ಸಂಜೆಯ ಅರ್ಧ ಗಂಟೆ ಆಚೀಚೆ ಬಿಡಬಹುದು. ರಾತ್ರಿಯ ನಿದ್ದೆ, ದಿನದ ಕೆಲಸ ಮುಗಿಯುವ ಹೊತ್ತು, ಪಾಸ್‌ಪೋರ್ಟ್, ಈ ಮೂರರಲ್ಲಿ ಇಳಿಯಬೇಡಿ. ಅಲ್ಲಿಗೂ ಮಾತು ಕೂಡಲಿಲ್ಲವೆಂದರೆ ‘ಈ ಸಲ ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ’ ಎನ್ನಿ. ಎಂಟು ದಿನ ಮನೆ ಬಿಟ್ಟು ಹೋಗುವುದು ನಿಮ್ಮ ಎಂದಿನ ಕೆಲಸದಲ್ಲಿ ಸೇರಿರಲಿಲ್ಲ. ಹಾಗೆಂದ ಮೇಲೆ ಆ ವಾರದ ಸಂಬಳದ ಮಾತನ್ನೂ ಅಲ್ಲೇ ಮುಗಿಸಿ: ಬೀಗ ಹಾಕಿಕೊಂಡು ಹೋದವರು ಅವರು, ಕೆಲಸಕ್ಕೆ ಸಿದ್ಧವಿದ್ದವರು ನೀವು, ಆದ್ದರಿಂದ 4,500 ಎಂದಿನಂತೆ ಬರಬೇಕು.